ಸತ್ತ ಬೆಕ್ಕಿನ ಮೀಸೆ

ಅಂಗೈಯಗಲದ ಹಲಗೆಯ ಮೇಲೆ ನಾನೊಂದು ಬೆಕ್ಕು ಬರೆದರೆ, ಅದನ್ನು ಕಂಡ ಇಲಿ ನಮ್ಮ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯನ್ನೇ ಬಿಟ್ಟು ಓಡಬೇಕು! ಆಫೀಸಿನಲ್ಲಿ ಹೀಗೆ ಕೊಚ್ಚಿಕೊಂಡದ್ದೇ ತಪ್ಪಾಯಿತು. ಹರಿಹರದಿಂದ ದಿನಾ ಓಡಾಡುವ ನನ್ನ ಸಹೋದ್ಯೋಗಿ ಶ್ರೀನಿವಾಸ ಮರುದಿನವೇ ಮನೆಗೆ ಬಂದು, ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಕಪ್ಪು ಬೆಕ್ಕು, ಬಿಳಿ ಎದೆ, ಹರಿದ ಎಡಗಿವಿ.

"ಅವ್ವನ ಬೆಕ್ಕು. ಸತ್ತೋತು. ಅವ್ವ ಉಣ್ಣಾದೇ ಬಿಟ್ಟಾಳೆ. ಜೀವ ಇದ್ದಂಗೆ ಬರ್ಕೊಡು ಮಾರಾಯ" ಎಂದ, ಎತ್ತಲೋ ನೋಡುತ್ತಾ. ಪಾಪ, ದುಃಖ ಇರಬೇಕು ಅಂದುಕೊಂಡೆ.

ಕೂದಲೆಳೆಯಂಥ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದೇ ರೋಮ ಬರೆದೆ. ಮೀಸೆಯನ್ನು ಮಾತ್ರ ಕೊನೆಗೆಂದು ಉಳಿಸಿಕೊಂಡು, ಎಣ್ಣೆಬಣ್ಣ ಆರಲೆಂದು ಹಿತ್ತಲ ಕಿಟಕಿಯಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಬೆಕ್ಕಿನ ಬಲಗೆನ್ನೆಯಲ್ಲಿ ಒಂದು ಬಿಳಿ ಮೀಸೆ ಮೂಡಿತ್ತು.

"ಪ್ರೇಮಾ, ನೀನೇನಾದ್ರೂ ಕೈಯಾಡಿಸಿದ್ಯಾ?"

"ನಂಗ್ಯಾಕ್ರಿ ಅದರ ಉಸಾಬರಿ?" ಎನ್ನುತ್ತಾ ಹೆಂಡತಿ ಬಗ್ಗಿ ನೋಡಿದಳು. ಮೀಸೆ ಮೆಲ್ಲಗೆ ಅಲ್ಲಾಡಿತು. ಅವಳ ದನಿ ಇಳಿಯಿತು. "ರೀ, ಇದು ಉಸಿರಾಡ್ತೈತೆ."

ಆಗಲೇ ಊದುಬತ್ತಿ ಹಚ್ಚಿ, ಚಿತ್ರದ ಮುಂದೆ ಬಟ್ಟಲಲ್ಲಿ ಹಾಲಿಟ್ಟಳು. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಬಟ್ಟಲು ಖಾಲಿ. ಮರುದಿನ ಚಿತ್ರದ ಎದೆಯ ಮೇಲೆ ಹೊಸ ರೋಮ. ಕುಂಚ ಮುಟ್ಟಲು ನನಗೆ ಧೈರ್ಯವಾಗಲಿಲ್ಲ, ಚಿತ್ರ ತಾನೇ ಬೆಳೆಯುತ್ತಿತ್ತು. ಆದರೂ ನಡುಗುತ್ತಲೇ ಬೀಗಿದೆ: ಸತ್ತದ್ದಕ್ಕೆ ಜೀವ ತುಂಬುವ ಕಲಾವಿದ ದಾವಣಗೆರೆಯಲ್ಲಿ ಇನ್ಯಾರಿದ್ದಾರೆ?

ಭಾನುವಾರ ಶ್ರೀನಿವಾಸ ತಾಯಿ ಉಚ್ಚೆಂಗೆಮ್ಮನನ್ನು ಕರೆತಂದ. ಸೊರಗಿದ್ದ ಆ ಅಜ್ಜಿ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಆ ಮೀಸೆಯನ್ನು ಉಗುರಿನಿಂದ ಕಿತ್ತೇಬಿಟ್ಟರು.

"ಇದು ನಮ್ಮ ಕರಿಯಂದು. ಒಲಿ ಮುಂದೆ ಮಲಗಿ ತುದಿ ಸುಟ್ಕೊಂಡೈತೆ ನೋಡು. ಸತ್ತ ಬೆಕ್ಕಿನ ಮೀಸಿ ಹಸಿ ಬಣ್ಣಕ್ಕೆ ಹೆಂಗೆ ಅಂಟ್ತು?"

ಅಷ್ಟರಲ್ಲಿ ಕಿಟಕಿಯಲ್ಲಿ ಹರಿದ ಕಿವಿಯ ಕಪ್ಪು ಮುಖವೊಂದು ಎದ್ದಿತು. ಪ್ರೇಮಾ ನನ್ನ ತೋಳು ಹಿಡಿದಳು, ನಾನು ಗೋಡೆ ಹಿಡಿದೆ. ಅದು ಒಳಕ್ಕೆ ಜಿಗಿದು ಅಜ್ಜಿಯ ಮಡಿಲೇರಿತು. ಅದರ ಬಿಳಿ ಎದೆಗೆಲ್ಲ ನನ್ನ ಕಪ್ಪು ಬಣ್ಣ ಮೆತ್ತಿತ್ತು.

ಶ್ರೀನಿವಾಸ ತಲೆ ತಗ್ಗಿಸಿದ. "ಮನಿ ಹಾಲೆಲ್ಲಾ ಕುಡೀತಿತ್ತಲ್ಲವ್ವ. ಚೀಲದಾಗೆ ಕಟ್ಕೊಂಡು ಬಂದು ಇದೇ ಓಣ್ಯಾಗೆ ಬಿಟ್ಟೆ. ಸತ್ತೋತು ಅಂದ್ರೆ ಮರೀತೀಯ ಅನ್ಕೊಂಡಿದ್ದೆ."

ಅಜ್ಜಿ ಮಗನತ್ತ ನೋಡಲೇ ಇಲ್ಲ. ಬೆಕ್ಕಿನ ಬೆನ್ನು ಸವರುತ್ತಾ, "ಒಂದೀಟು ಅನ್ನ ಐತೇನವ್ವ?" ಎಂದು ಪ್ರೇಮಾಳನ್ನು ಕೇಳಿದರು.

ಹೊರಟಾಗ, "ಅಮ್ಮಾರೇ, ಚಿತ್ರ?" ಎಂದೆ.

"ಜೀವ ಇರಾದು ನಂಗೆ ಸಿಕ್ತಲ್ಲಪ್ಪ. ಅದನ್ನ ನೀವೇ ಇಟ್ಕೊಳ್ರಿ."

ಈಗ ಅದು ಅಡುಗೆಮನೆಯ ಗೂಡಿನಲ್ಲಿದೆ. ನಿನ್ನೆ ನೋಡಿದರೆ ಇಲಿಯೊಂದು ನನ್ನ ಬೆಕ್ಕಿಗೆ ಆರಾಮಾಗಿ ಒರಗಿಕೊಂಡು ಕೊಬ್ಬರಿ ಕಡಿಯುತ್ತಿತ್ತು. ನಾನು ಪೊರಕೆ ಎತ್ತಿದೆ.

ಪ್ರೇಮಾ ತಡೆದಳು. "ಇರ್ಲಿ ಬಿಡ್ರಿ. ಮೀಸಿ ಬರೆಯಾದು ಇನ್ನೂ ಬಾಕಿ ಐತಲ್ಲ, ಈ ಇಲೀನೂ ಒಂದೆರಡು ಅಂಟಿಸಿ ಹೋಗ್ಲಿ."