ಬುಟ್ಟಿಯ ಮೇಲಿನ ಸಾಲು

ಡಾಕ್ಟರಿಗೆ ಕಾಯಿಲೆಗಳ ವಿಷಯ ಎಷ್ಟು ಗೊತ್ತಿದೆ ಎಂದು ಪರೀಕ್ಷಿಸಲು ತಿಂಗಳಿಗೊಮ್ಮೆ ಅವರ ಕ್ಲಿನಿಕ್ಕಿಗೆ ಹೋಗಿಬರುವುದು ನಮ್ಮ ಹಣ್ಣಿನಂಗಡಿ ಯಜಮಾನರ ಪದ್ಧತಿ. (ಡಾಕ್ಟರು ಇದುವರೆಗೆ ಒಮ್ಮೆಯೂ ಪಾಸಾಗಿಲ್ಲ.)

ತಮಗೆ ಶುಗರ್ ಇದೆ ಎಂದು ತಿಳಿದ ದಿನವೇ ಯಜಮಾನರು ಮೊಬೈಲ್ ಹಿಡಿದು ತಪಸ್ಸಿಗೆ ಕೂತಿದ್ದರು. ಮೇದೋಜೀರಕ ಗ್ರಂಥಿ ಎಲ್ಲಿದೆ, ಅದು ಯಾಕೆ ಮುಷ್ಕರ ಹೂಡುತ್ತದೆ, ಎಲ್ಲವೂ ಬಾಯಿಪಾಠವಾಯಿತು. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನು ಕನ್ನಡಕವೇರಿಸಿ ಕೊನೆಯ ಸಾಲಿನವರೆಗೂ ಓದುತ್ತಿದ್ದರು. ಓದಿದ ಆಯಾಸಕ್ಕೆ ಮಾತ್ರೆ ನುಂಗುವುದು ಎಷ್ಟೋ ಸಲ ಮರೆತುಹೋಗುತ್ತಿತ್ತು. ಅಂಗಡಿಬೀದಿ ಅವರಿಗೆ ‘ಅರ್ಧ ಡಾಕ್ಟರು’ ಎಂದು ಹೆಸರಿಟ್ಟಿತು. ಅವರು ಅದನ್ನು ಬಿರುದೆಂದೇ ಸ್ವೀಕರಿಸಿದರು. ಬಾಳೆಹಣ್ಣು ಕೇಳಿಕೊಂಡು ಬಂದವರ ಕಣ್ಣು ನೋಡಿ, “ರಕ್ತ ಕಮ್ಮಿ ಇದೆಯಲ್ಲಮ್ಮಾ, ದಾಳಿಂಬೆ ತಗೊಂಡು ಹೋಗಿ” ಎಂದು ಚಿಕಿತ್ಸೆಯನ್ನೂ ಶುರುಮಾಡಿದರು. ಬರೀ ಬಾಳೆಹಣ್ಣು ಸಾಕೆನ್ನುವಷ್ಟು ರಕ್ತ ಇರುವವರು ಯಾರೂ ಆ ಬೀದಿಯಲ್ಲಿ ಉಳಿಯಲಿಲ್ಲ.

ಇಷ್ಟು ಜ್ಞಾನವಿದ್ದೂ ಶುಗರ್ ಇಳಿಯದಿರಲು ಕಾರಣ ಅಂಗಡಿಯಲ್ಲೇ ಇತ್ತು. ಯಜಮಾನರ ವ್ಯಾಪಾರದ ಮೊದಲ ಸೂತ್ರ: ಬುಟ್ಟಿಯ ಮೇಲಿನ ಸಾಲಿಗೆ ಒಳ್ಳೆಯ ಹಣ್ಣು, ಕೆಳಗಿನ ಸಾಲಿಗೆ ದೇವರಿದ್ದಾನೆ. ಎರಡನೆಯ ಸೂತ್ರ ಗೋಡೆಯ ಬೋರ್ಡಿನಲ್ಲೇ ಇತ್ತು: ‘ಕೊಂಡ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’. ಮೂರನೆಯದನ್ನು ಬರೆಸಿರಲಿಲ್ಲ: ಗಿರಾಕಿಗೆ ದಾಟಿಸಲಾಗದಷ್ಟು ಕಳಿತ ಹಣ್ಣನ್ನು ಎಸೆಯಬಾರದು, ಕದ ಮುಚ್ಚುವ ಮುಂಚೆ ಮಾಲೀಕನೇ ತಿನ್ನಬೇಕು. ಹಣ್ಣು ಕಳಿತಷ್ಟೂ ಸಿಹಿ. ನಷ್ಟವೆಲ್ಲ ಅವರ ಹೊಟ್ಟೆಯಲ್ಲಿ ಜಮೆಯಾಗುತ್ತಿತ್ತು.

ಈ ಸಲ ಡಾಕ್ಟರು, “ಒಂದು ವಾರ ಬಿಟ್ಟು ಖಾಲಿ ಹೊಟ್ಟೇಲಿ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ” ಎಂದು ಬರೆದುಕೊಟ್ಟರು. ಮನೆಗೆ ಬಂದ ಕೂಡಲೇ ಹೆಂಡತಿ ಸೆರಗು ಬಿಗಿದಳು.

“ನೋಡಿ, ಈ ಸಲ ಶುಗರ್ ಜಾಸ್ತಿ ಬಂತೋ, ನೀವು ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಕೂರೋ ಹಾಗಿಲ್ಲ. ನನ್ನ ತಮ್ಮ ಕೂರ್ತಾನೆ. ನೀವು ಬೆಳಿಗ್ಗೆ ಸಂಜೆ ನಡೀರಿ.”

“ನಿನ್ನ ತಮ್ಮನಾ? ಅವನಿಗೆ ಹಣ್ಣಿಗೂ ತರಕಾರಿಗೂ ವ್ಯತ್ಯಾಸ ಗೊತ್ತಾ?”

“ಹಣ್ಣು ಮಾರೋದಕ್ಕೆ, ತಿನ್ನೋದಕ್ಕಲ್ಲ ಅನ್ನೋದು ಗೊತ್ತು.”

ಗಲ್ಲಾಪೆಟ್ಟಿಗೆ ಬಿಟ್ಟರೆ ಯಜಮಾನರಿಗೆ ಬೇರೆ ಸಿಂಹಾಸನವಿಲ್ಲ. ಅದೂ ಭಾಮೈದನಿಗೆ ಬಿಟ್ಟುಕೊಡುವುದೆಂದರೆ ಮೇದೋಜೀರಕ ಗ್ರಂಥಿಯನ್ನೇ ಬಿಚ್ಚಿಕೊಟ್ಟಂತೆ. ಆದರೆ ಅವರು ತಿಳಿದ ರೋಗಿ. ತಪಾಸಣೆಗೆ ಬರುವವರ ಮುಂದೆ ಬುಟ್ಟಿ ಹೇಗೆ ಜೋಡಿಸಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ವಾರ ಅವರು ಋಷಿಯಾದರು. ಸೌತೆಕಾಯಿ ತಿಂದರು. ಸಕ್ಕರೆಯಿಲ್ಲದ ಚಹಾವನ್ನು ಮುಖ ಕಿವುಚದೆ ಕುಡಿದರು. ಮಾತ್ರೆಯನ್ನು ಹೆಂಡತಿಗೆ ಕಾಣುವಂತೆ ಬಾಯಿ ಅಗಲಿಸಿ ನುಂಗಿದರು. ಬೀದಿಯ ನಾಯಿಗಳು ಗುರುತು ಹಿಡಿಯುವಷ್ಟು ವಾಕಿಂಗ್ ಮಾಡಿದರು. ಕಳಿತ ಪಪ್ಪಾಯಿ ಕಣ್ಣೆದುರೇ ಕೊಳೆಯಿತು. ಅವರು ಗೋಡೆಯ ಕಡೆ ತಿರುಗಿ ಕೂತರು. ಒಂದು ಹನಿ ಕಣ್ಣೀರೂ ಬಂತು ಎನ್ನುತ್ತಾರೆ. (ಈರುಳ್ಳಿ ಅಂಗಡಿ ಪಕ್ಕದಲ್ಲೇ ಇರುವುದರಿಂದ ಖಚಿತವಾಗಿ ಹೇಳಲಾಗದು.)

ಪರೀಕ್ಷೆಯ ದಿನ ಲ್ಯಾಬಿನಾಕೆ ರಟ್ಟೆಗೆ ಪಟ್ಟಿ ಬಿಗಿದಳು. ಯಜಮಾನರ ವ್ಯಾಪಾರಬುದ್ಧಿ ಜಾಗೃತವಾಯಿತು.

“ಏನಮ್ಮಾ, ಇಷ್ಟು ರಕ್ತ ಕೊಡ್ತಿದ್ದೀನಿ. ಜೊತೆಗೆ ಏನು ಕೊಡ್ತೀರಿ?”

“ಹತ್ತಿ ಕೊಡ್ತೀವಿ ಸಾರ್.”

“ಸಾಕು ಸುಮ್ನಿರಿ ಅಂದ್ರೆ,” ಜೊತೆಗೆ ಬಂದಿದ್ದ ಹೆಂಡತಿ ಹಲ್ಲು ಕಚ್ಚಿದಳು.

“ನೀ ಸುಮ್ನಿರು. ಕೇಳದೆ ತಾಯೀನೂ ಹಾಲು ಕೊಡಲ್ಲ.”

ಲ್ಯಾಬಿನಾಕೆ ನಕ್ಕಳು. “ಈ ವಾರ ಇದರ ಜೊತೆ ಇನ್ನೊಂದು ಟೆಸ್ಟು ಫ್ರೀ ಇದೆ ಸಾರ್. ಡಾಕ್ಟ್ರು ಬರೆದಿಲ್ಲ, ನಿಮಗೆ ಬೇಕಾದ್ರೆ ಮಾಡ್ತೀನಿ. ಅದೇನು ಅಂದ್ರೆ...”

“ನನಗೇ ಹೇಳಿಕೊಡ್ತೀಯಾ?” ಯಜಮಾನರು ಅವಳ ಕೈಲಿದ್ದ ಹಾಳೆ ನೋಡಿದರು. ಒಂದಷ್ಟು ಇಂಗ್ಲಿಷ್ ಅಕ್ಷರ, ನಡುವೆ ಒಂದು ಅಂಕಿ. ಅಕ್ಷರದ ಪಕ್ಕ ಅಂಕಿ ಬಂದರೆ ಅದು ವಿಟಮಿನ್ನೇ ಸರಿ ಎಂದು ಅವರು ತೀರ್ಮಾನಿಸಿದರು. “ಗೊತ್ತಮ್ಮಾ, ಹಾಕು ಹಾಕು.”

ರಿಪೋರ್ಟನ್ನು ಅವರು ತೆರೆದು ನೋಡಲಿಲ್ಲ. ಸಿನಿಮಾದ ಕೊನೆಯನ್ನು ಹೆಂಡತಿಯ ಜೊತೆ ಕೂತೇ ನೋಡಬೇಕೆಂಬ ಆಸೆ.

ಡಾಕ್ಟರು ಮೊದಲ ಹಾಳೆ ನೋಡಿ, “ಭೇಷ್ ಯಜಮಾನ್ರೇ! ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ” ಎಂದರು.

“ಕೇಳಿಸ್ಕೊಂಡ್ಯಾ?” ಯಜಮಾನರು ಹೆಂಡತಿಯ ಕಡೆ ತಿರುಗಿದರು. “ನಿನ್ನ ತಮ್ಮನಿಗೆ ಬೇರೆ ಕಡೆ ಕೆಲಸ ನೋಡ್ಕೋ ಅನ್ನು.” ಮತ್ತೆ ಡಾಕ್ಟರಿಗೆ, “ಮಾತ್ರೇನ ಅರ್ಧ ಮಾಡ್ಬಹುದಲ್ವಾ?”

“ಅದನ್ನೇ ಯೋಚಿಸ್ತಿದ್ದೆ...” ಎನ್ನುತ್ತ ಡಾಕ್ಟರು ಹಾಳೆ ತಿರುವಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಇದನ್ನ ನಾನು ಬರೆದಿರಲಿಲ್ವಲ್ಲ?”

“ನಾನೇ ಮಾಡಿಸ್ದೆ. ಫ್ರೀ. ರೋಗಿ ಜಾಗೃತನಾಗಿರ್ಬೇಕು ನೋಡಿ.”

“ಬಹಳ ಉಪಕಾರ ಆಯ್ತು. ಮೊದಲನೇ ಟೆಸ್ಟು ಆವತ್ತು ಬೆಳಿಗ್ಗೆ ರಕ್ತದಲ್ಲಿ ಸಕ್ಕರೆ ಎಷ್ಟಿತ್ತು ಅಂತ ಹೇಳುತ್ತೆ. ಇದು ಕಳೆದ ಎರಡು ಮೂರು ತಿಂಗಳಲ್ಲಿ ಸರಾಸರಿ ಹೇಗಿತ್ತು ಅಂತ ಹೇಳುತ್ತೆ. ಒಂದು ವಾರ ಬಾಯಿ ಕಟ್ಟಿದ್ರೆ ಇದನ್ನ ಸರಿಮಾಡೋಕಾಗಲ್ಲ.” ಅವರು ಯಜಮಾನರನ್ನು ಅನುಕಂಪದಿಂದ ನೋಡಿದರು. “ಮಾತ್ರೆ ಅರ್ಧ ಮಾಡೋದಿರಲಿ, ತಪ್ಪದೆ ಪೂರ್ತಿ ನುಂಗ್ತಿದ್ದೀರಾ ಅಂತ ಮೊದಲು ಹೇಳಿ.”



“ಅದನ್ನ ಲೆಕ್ಕಕ್ಕೆ ಹಿಡೀಬೇಡಿ ಡಾಕ್ಟ್ರೇ,” ಯಜಮಾನರು ತೊದಲಿದರು. “ಫ್ರೀ ಕೊಟ್ಟಿರೋ ಮಾಲು, ಹೇಗಿರುತ್ತೋ ಏನೋ. ಈಗಲೇ ಹೋಗಿ ವಾಪಸ್ ಕೊಟ್ಟು ಬರ್ತೀನಿ.”

“ವಾಪಸ್ ಇಲ್ಲ ಅಂತ ಬೋರ್ಡ್ ಬರೆಸಿದೋರು ಯಾರ್ರೀ?” ಹೆಂಡತಿ ಕೇಳಿದಳು. “ಒಂದು ವಾರದಿಂದ ಮೇಲಿನ ಸಾಲು ಜೋಡಿಸ್ತಾ ಇದ್ರಿ. ಮೇಲಿನ ಹಣ್ಣು ನೋಡಿ ಬುಟ್ಟಿ ಕೊಳ್ಳೋಕೆ ನಾನೇನು ನಿಮ್ಮ ಗಿರಾಕೀನಾ? ಕೊಡಿ ಇಲ್ಲಿ ಗಲ್ಲಾಪೆಟ್ಟಿಗೆ ಬೀಗದಕೈ!”

ಈಗ ಯಜಮಾನರು ಬೆಳಿಗ್ಗೆ ಸಂಜೆ ತಮ್ಮದೇ ಅಂಗಡಿಯ ಮುಂದೆ ಹಾದುಹೋಗುತ್ತಾರೆ. ಭಾಮೈದ ಕಳಿತ ಹಣ್ಣನ್ನೆಲ್ಲ ಒಂದೇ ಬುಟ್ಟಿಗೆ ಸುರಿದು ಅರ್ಧ ಬೆಲೆಗೆ ಕೂಗುತ್ತಾನೆ. ಸಂಜೆಯೊಳಗೆ ಬುಟ್ಟಿ ಖಾಲಿ. ಮೊನ್ನೆ ಯಜಮಾನರ ಕೈ ತಾನಾಗಿಯೇ ಒಂದು ಸಪೋಟದ ಕಡೆ ಚಾಚಿತು.

“ಭಾವ, ಗಿರಾಕಿಗಳು ಹಣ್ಣು ಒತ್ತಿ ನೋಡ್ಬಾರ್ದು,” ಎಂದ ಭಾಮೈದ. ಆ ಮಾತನ್ನೂ ಕಲಿಸಿದವರು ಅವರೇ.

ಅಷ್ಟರಲ್ಲಿ ಪಕ್ಕದ ಈರುಳ್ಳಿ ಅಂಗಡಿಯವನು ಓಡಿಬಂದ. “ಅರ್ಧ ಡಾಕ್ಟ್ರೇ, ನನಗೂ ಶುಗರ್ ಟೆಸ್ಟ್ ಬರೆದಿದ್ದಾರೆ. ತಿಳಿದೋರು ನೀವು, ಒಂದು ಮಾತು ಹೇಳಿ.”

ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು, ಅಂಗಡಿಯ ಕಡೆ ಒಮ್ಮೆ ನೋಡಿ, ತಮ್ಮ ವಿದ್ಯೆಯನ್ನೆಲ್ಲ ಒಂದೇ ಮಾತಿಗೆ ಇಳಿಸಿದರು:

“ಲ್ಯಾಬಿನೋರು ಕೊಡೋ ಹತ್ತಿ ತಗೊಂಡು ಸುಮ್ನೆ ಬಂದ್ಬಿಡಪ್ಪಾ.”