ಅಣ್ಣನ ವಾಕಿಂಗಿಗೆ ನಾನು ಕಾವಲು

ಆರೋಗ್ಯದ ಬಗ್ಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಳಿಗ್ಗೆ ಬೇಗ ಏಳಿ, ಬಿಸಿನೀರು ಕುಡಿಯಿರಿ, ಕೈ ಬೀಸಿ ನಡೆಯಿರಿ, ಉಪ್ಪು ಕಡಿಮೆ ಮಾಡಿ, ಮನಸ್ಸನ್ನು ಹಗುರವಾಗಿ ಇಟ್ಟುಕೊಳ್ಳಿ. ಹೇಳುವುದಕ್ಕೇನು, ಬಾಯಿ ಇದ್ದರೆ ಸಾಕು. ಮನಸ್ಸೇನು ರಾಗಿ ಮೂಟೆಯೇ, ಎರಡು ಸೇರು ಸುರಿದು ಹಗುರ ಮಾಡಿ ಹೆಗಲಿಗೇರಿಸುವುದಕ್ಕೆ? ನಾನು ಹನಗೋಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಓದಿದ್ದು ಏಳನೇ ಕ್ಲಾಸು, ಅದರಲ್ಲೂ ಪಾಸಾದೆನೋ ಇಲ್ಲವೋ ಎಂದು ನೋಡಿಕೊಂಡು ಬರಲು ಸ್ಕೂಲಿನ ಕಡೆ ಹೋಗಲಿಲ್ಲ. ಅಂಥವನು ಪೆನ್ನು ಹಿಡಿದು ಕೂತಿದ್ದೇನೆಂದರೆ ಅದು ಸಿಟ್ಟು ತಡೆಯಲಾಗದೆ. ಯಾರ ಮೇಲೆ ಸಿಟ್ಟು ಎಂದು ಈಗಲೇ ಕೇಳಬೇಡಿ. ಒಬ್ಬೊಬ್ಬರಾಗಿ ಬರುತ್ತಾರೆ.

ಮೊದಲು ನನ್ನ ಅಣ್ಣ ಪುಟ್ಟಸ್ವಾಮಿ. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಗಾಜಿನ ಗೂಡಿನೊಳಗೆ ಮೈಕು ಹಿಡಿದು ಕೂತು, ಯಾವ ಬಸ್ಸು ಎಲ್ಲಿಗೆ ಯಾವಾಗ ಹೊರಡುತ್ತದೆ ಎಂದು ಕೂಗುವ ಕೆಲಸ. ಕುರ್ಚಿ ಮೇಲೆ ಕೂತು ಸಂಬಳ ತಗೊಳ್ಳುವವನಿಗೆ ಏನು ಕಷ್ಟ ಎಂದು ನಾನೂ ಅಂದುಕೊಂಡಿದ್ದೆ. ಒಂದು ದಿನ ಊಟದ ಕ್ಯಾರಿಯರ್ ಕೊಡಲು ಹೋಗಿ ಆ ಗೂಡಿನ ಹತ್ತಿರ ನಿಂತಾಗ ಗೊತ್ತಾಯಿತು. ಕೋಟೆಗೆ ಹೋಗುವ ಬಸ್ಸು ಕೆಟ್ಟು ನಿಂತಿದ್ದರೆ ಅದು ಅಣ್ಣನ ತಪ್ಪು. ಪಿರಿಯಾಪಟ್ಟಣದ ಡ್ರೈವರಿಗೆ ಜ್ವರ ಬಂದರೆ ಅಣ್ಣನ ತಪ್ಪು. ಕಾಲೇಜು ಹುಡುಗರು ಗಾಜಿಗೆ ಗುದ್ದುತ್ತಿದ್ದರು. ಒಬ್ಬ ಅಜ್ಜಿಯಂತೂ ಕಿಂಡಿಯೊಳಗೆ ಕೈ ಹಾಕಿ, "ನೀನೇನ್ ಬಸ್ಸ ಮಡಿಕೆಯೊಳಗ್ ಬಚ್ಚಿಟ್ಕಂಡಿದ್ದೀಯೇನ್ಲಾ?" ಎಂದು ಅವನ ಅಂಗಿ ಹಿಡಿದೆಳೆಯುತ್ತಿದ್ದಳು. ಅಣ್ಣ ಯಾರಿಗೂ ತಿರುಗಿ ಬಯ್ಯುತ್ತಿರಲಿಲ್ಲ. ನನಗೆ ಸಿಟ್ಟು ಬರುವುದೇ ಇದಕ್ಕೆ. ಬಯ್ದಿದ್ದರೆ ಹೊರಗೆ ಹೋಗುತ್ತಿತ್ತು. ಒಳಗೇ ಇಟ್ಟುಕೊಂಡು ಮನೆಗೆ ತಂದು, ನಿದ್ದೆಗಣ್ಣಿನಲ್ಲಿ "ಕೆ.ಆರ್. ನಗರಕ್ಕೆ ಹೊರಡುವ ಬಸ್ಸು ಸಿದ್ಧವಾಗಿದೆ" ಎಂದು ಕೂಗುತ್ತಿದ್ದ. ಬಸ್ಸು ಸರಿಯಾಗಿ ಹೊರಡುತ್ತಿದ್ದುದು ಅವನ ನಿದ್ದೆಯಲ್ಲಿ ಮಾತ್ರ.

ಹೀಗಿರುವವನಿಗೆ ಬಿ.ಪಿ. ಬಾರದೆ ಇನ್ನೇನು ಬರುತ್ತದೆ? ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ಬೆಳಿಗ್ಗೆ ನಡೆಯಲೇಬೇಕು ಎಂದರು. ನಮ್ಮ ಸೀಮೆಯಲ್ಲಿ ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಎನ್ನುವುದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ನೇಗಿಲೋ ಕೈಯಲ್ಲಿ ಹಸುವಿನ ಹಗ್ಗವೋ ಇದ್ದರೆ ಯಾರೂ ಕೇಳುವುದಿಲ್ಲ. ಬರಿಗೈ ಬೀಸಿಕೊಂಡು ಹೋದಿರೋ, ಒಂದೋ ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಜಗಳ ಆಗಿರಬೇಕು. ಬೈಕು, ಟ್ರ್ಯಾಕ್ಟರು, ಹಾಲಿನ ವ್ಯಾನು, ಎಲ್ಲವೂ ನಿಲ್ಲುತ್ತಿದ್ದವು. "ಗಾಡಿ ಅತ್ತಣ್ಣ." "ಬ್ಯಾಡ ಕಣಪ್ಪ." "ಯಾಕಣ್ಣ, ನಮ್ ಗಾಡೀಲಿ ಕುಂತ್ರೆ ನಿಮ್ ಪ್ಯಾಂಟ್ ಕೊಳೆಯಾಯ್ತದಾ?" ವಾರ ಕಳೆಯುವಷ್ಟರಲ್ಲಿ ಕಂಟ್ರೋಲರ್ ಪುಟ್ಟಸ್ವಾಮಿ ಸಸ್ಪೆಂಡ್ ಆಗಿದ್ದಾನೆ, ತಲೆ ಕೆಟ್ಟು ರಸ್ತೆ ಅಳೆಯುತ್ತಿದ್ದಾನೆ ಎಂದು ಸುದ್ದಿ ಹಬ್ಬಿತು. ಅಂತರಸಂತೆಯಿಂದ ಅತ್ತಿಗೆಯ ಚಿಕ್ಕಪ್ಪ ಬಾಳೆಹಣ್ಣು ಹಿಡಿದುಕೊಂಡು ಸಮಾಧಾನ ಹೇಳಲು ಬಂದುಬಿಟ್ಟರು.

ಎಲ್ಲರಿಗಿಂತ ದೊಡ್ಡ ಶನಿ ಡ್ರೈವರ್ ನಂಜುಂಡ. ರಾತ್ರಿ ನಮ್ಮೂರಿನಲ್ಲೇ ನಿಂತು ಬೆಳಿಗ್ಗೆ ಹುಣಸೂರಿಗೆ ಹೊರಡುವ ಮೊದಲನೇ ಬಸ್ಸು ಅವನದು. ಅಣ್ಣನನ್ನು ಕಂಡ ತಕ್ಷಣ ಗಕ್ಕನೆ ನಿಲ್ಲಿಸುತ್ತಿದ್ದ.

"ಸಾರ್, ನೀವ್ ನಡೀತಾ ಇರೋವಾಗ ನಾನ್ ಬಸ್ ತಕಂಡ್ ಓದ್ರೆ ನನ್ನ ಮನುಷ್ಯ ಅಂದಾರಾ? ಅತ್ತಿ ಸಾರ್."

"ವಾಕಿಂಗ್ ಕಣಯ್ಯಾ, ಡಾಕ್ಟ್ರು ಏಳವ್ರೆ. ನೀ ಬಸ್ ಬುಡು."

"ನೀವ್ ಅತ್ತೋ ಗಂಟ ನಾನ್ ಬಸ್ ಬುಡಕಿಲ್ಲ."

ಕಿಟಕಿಯಿಂದ ಸೊಪ್ಪಿನ ಬುಟ್ಟಿಯವಳೊಬ್ಬಳು ತಲೆ ಹೊರಗೆ ಹಾಕಿ, "ಅತ್ತಪ್ಪ ಅತ್ಲಾಗೆ! ನೀನ್ ಸಣ್ಣ ಆಗೋವಷ್ಟ್ರಲ್ಲಿ ನನ್ ಸೊಪ್ಪು ಬಾಡೋಯ್ತದೆ!" ಎನ್ನುತ್ತಿದ್ದಳು. ಅಣ್ಣ ಗಡಿಯಾರ ನೋಡಿಕೊಳ್ಳುತ್ತಿದ್ದ. ಬಸ್ಸು ತಡವಾದರೆ ಬೈಗುಳ ತಿನ್ನಬೇಕಾದವನು ಅವನೇ ತಾನೇ? ಟೈಮು ಉಳಿಸುವುದಕ್ಕಾಗಿ ಹತ್ತಿಬಿಡುತ್ತಿದ್ದ. ಬಿ.ಪಿ. ಇಳಿಸಲು ಹೊರಟವನು ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಿದ್ದ.

ಇದು ಅತ್ತಿಗೆಗೆ ಗೊತ್ತಾಗಿ, ಒಂದು ಸಂಜೆ ಗಿರಣಿಗೇ ಬಂದರು. ಮೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದ ನನಗೆ, "ಮಾದೇವ, ನಾಳೆಯಿಂದ ನೀನೂ ಜೊತೇಲೋಗು. ಯಾವನಾದ್ರೂ ಗಾಡಿ ನಿಲ್ಲಿಸಿದ್ರೆ ನೀನೇ ಉಗ್ದು ಕಳ್ಸು. ನಿಮ್ಮಣ್ಣನ್ನ ನಿನ್ ಕೈಗೆ ಕೊಟ್ಟಿವ್ನಿ" ಎಂದರು. ಆಗಲಿ ಎಂದೆ. ಅವರಿಗೆ ನನ್ನ ಮೇಲೆ ಅಷ್ಟೊಂದು ನಂಬಿಕೆ ಯಾಕಿತ್ತೋ, ಅದಕ್ಕೂ ಈಗ ಸಿಟ್ಟು ಬರುತ್ತದೆ.

ಮೊದಲನೇ ದಿನವೇ ಅಣ್ಣ ಒಳ್ಳೆಯ ಉಪಾಯ ಹೇಳಿದ. "ರಸ್ತೆ ಸಾವಾಸವೇ ಬ್ಯಾಡ ಕಣ್ಲಾ. ನಾಲೆ ಏರಿ ಮ್ಯಾಲೆ ಓಗಣ. ಅಲ್ಲಿ ಗಾಡಿನೂ ಇಲ್ಲ, ನಂಜುಂಡನೂ ಇಲ್ಲ." ಏರಿ ಮೇಲೆ ಹೋದರೆ ನಿಜವಾಗಿಯೂ ನಡೆಯಬೇಕಾಗುತ್ತದೆ ಎಂದು ನನಗೆ ತಕ್ಷಣ ಹೊಳೆಯಿತು. ದಿನವಿಡೀ ಮೂಟೆ ಹೊತ್ತವನು ನಾನು, ಬೆಳಗಿನ ನಿದ್ದೆ ಬಿಟ್ಟು ಬಂದಿದ್ದೆ, ಹೊಟ್ಟೆ ಬೇರೆ ಚುರುಗುಡುತ್ತಿತ್ತು. "ಅಯ್ಯೋ, ಏರಿ ಮ್ಯಾಲೆ ಬ್ಯಾಡ ಕಣಣ್ಣ. ನೆನ್ನೆ ಆನೆ ಲದ್ದಿ ನೋಡ್ದೆ, ಇನ್ನೂ ಅಬೆ ಆಡ್ತಿತ್ತು" ಎಂದೆ. ನಮ್ಮ ಕಡೆ ಕಾಡಿನಿಂದ ಆನೆ ಬರುವುದು ಸುಳ್ಳಲ್ಲ. ಆದರೆ ನಾನು ಹೇಳಿದ ಆನೆ ನನ್ನ ಬಾಯಿಯಿಂದಷ್ಟೇ ಬಂದದ್ದು. ಅಣ್ಣ ಹೆದರಿದ. ರಸ್ತೆಗೆ ಬಂದೆವು. ನಂಜುಂಡ ನಿಲ್ಲಿಸಿದ. ಉಗಿದು ಕಳಿಸಬೇಕಾದ ನಾನು ಅಣ್ಣನಿಗಿಂತ ಮೊದಲು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದೆ.

ಮುಂದಿನ ಸ್ಟಾಪಿನ ಹತ್ತಿರ ಒಂದು ಗುಡಿಸಲು ಹೋಟೆಲು. ಬಿಸಿ ಇಡ್ಲಿ, ಅದರ ಪಕ್ಕದಲ್ಲಿ ಕೆಂಪು ಚಟ್ನಿ. ಚಟ್ನಿಯ ಉಪ್ಪಿನಲ್ಲಿ ಒಂದು ಸಂಸಾರ ಸಾಗಬಹುದಿತ್ತು. ಅಣ್ಣ ಮೊದಲು ಬರೀ ಟೀ ಸಾಕು ಎನ್ನುತ್ತಿದ್ದ. "ನಡ್ದಿದ್ದೀವಿ ಅಂತ ಅತ್ತಿಗೆ ತಿಳ್ಕಂಡವ್ರೆ, ನಡ್ದೋರಿಗೆ ಅಸಿವು ಆಗಕಿಲ್ವಾ, ತಿನ್ನು" ಎಂದು ಒತ್ತಾಯ ಮಾಡಿದವನು ನಾನು. ಆಮೇಲೆ ಪಕ್ಕದ ಬೋರಿಂಗ್ ಪಂಪು ಒತ್ತಿ ಇಬ್ಬರೂ ಕತ್ತು, ಬೆನ್ನು ಒದ್ದೆ ಮಾಡಿಕೊಂಡು ವಾಪಸ್ ಬರುವ ಹಾಲಿನ ವ್ಯಾನು ಹತ್ತುತ್ತಿದ್ದೆವು. ಅಣ್ಣನ ಒದ್ದೆ ಅಂಗಿ ಮುಟ್ಟಿ ನೋಡಿ ಅತ್ತಿಗೆ, "ಎಂಗ್ ಬೆವ್ತವ್ರೆ ನೋಡು, ಪಾಪ" ಎಂದು ಹಿಗ್ಗುತ್ತಿದ್ದರು. ಬೆವರಿಗೆ ಕಬ್ಬಿಣದ ವಾಸನೆ ಯಾಕೆ ಎಂದು ಅವರಾದರೂ ಕೇಳಬಾರದಿತ್ತೇ?

ಮತ್ತೆ ತೋರಿಸಲು ಹೋದಾಗ ಅಣ್ಣನ ಬಿ.ಪಿ. ಮೊದಲಿಗಿಂತ ಹೆಚ್ಚಾಗಿತ್ತು. ಡಾಕ್ಟರಿಗೆ ರೋಗಿಗಳ ಮಾತಿನ ಮೇಲೆ ನಂಬಿಕೆ ಕಡಿಮೆ. ಅಣ್ಣನನ್ನು ಬಿಟ್ಟು ನನ್ನನ್ನೇ ಕೇಳಿದರು: "ನಿಜ ಹೇಳಿ, ದಿನಾ ನಡೀತಾರಾ?" ಪಕ್ಕದಲ್ಲಿ ಅತ್ತಿಗೆ ನಿಂತಿದ್ದರು. "ನಡೀತಾರೆ ಸಾರ್, ನಾನೇ ಜೊತೇಲಿರ್ತೀನಿ" ಎಂದೆ. ಅದರಲ್ಲಿ ಅರ್ಧ ನಿಜ. ಹಾಗಾದರೆ ಈ ಮಾತ್ರೆ ಸಾಲದು ಎಂದು ಡಾಕ್ಟರು ಡಬಲ್ ಮಾಡಿದರು. ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆ ಮೇಲಿದ್ದ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಓದತೊಡಗಿದೆ.

ಅದಾದ ಕೆಲವೇ ದಿನಕ್ಕೆ, ಕೋಟೆ ಬಸ್ಸು ಕೂಗಲು ಕುರ್ಚಿಯಿಂದ ಎದ್ದ ಅಣ್ಣ ಕಣ್ಣು ಕತ್ತಲಾಗಿ ಬಿದ್ದ. ಮೈಕು ಆನ್ ಇತ್ತು. ಅವನು "ಅಮ್ಮಾ" ಅಂದದ್ದು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ. ರಕ್ತ ಸುರಿಯುತ್ತಿದ್ದವನನ್ನು ಹೊತ್ತುಕೊಂಡು ಹೋಗುವಾಗಲೂ ಒಬ್ಬ ಅಡ್ಡ ಬಂದು, "ಸಾರ್, ಕೋಟೆ ಬಸ್ ಯಾವ್ ಪ್ಲಾಟ್‌ಫಾರಂ?" ಎಂದನಂತೆ. ಅವನು ಯಾರೆಂದು ಗೊತ್ತಾದರೆ ಇವತ್ತಿಗೂ ಹುಡುಕಿಕೊಂಡು ಹೋಗಿ ಎರಡು ಬಿಡುತ್ತೇನೆ.

ನಾನು ಆಸ್ಪತ್ರೆ ತಲುಪಿದಾಗ ಹಣೆಗೆ ಹೊಲಿಗೆ ಹಾಕಿ ಮಲಗಿಸಿದ್ದರು. ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರು ತಲೆ ಕೆರೆದುಕೊಳ್ಳುತ್ತಿದ್ದರು. "ನಡಿಗೆ, ಪಥ್ಯ, ಮಾತ್ರೆ ಎಲ್ಲಾ ಸರಿಯಾಗಿದ್ದೂ ಅವತ್ತು ಬಿ.ಪಿ. ಇಳಿಯಲಿಲ್ಲ. ಇವತ್ತು ನೋಡಿದ್ರೆ ಪೂರ್ತಿ ಬಿದ್ದುಹೋಗಿದೆ. ಹೃದಯ, ಕಿಡ್ನಿ ಎಲ್ಲಾ ನೋಡಿಸಬೇಕು, ಮೈಸೂರಿಗೆ ಕಳಿಸ್ತೀನಿ" ಎಂದರು. ಕಿಡ್ನಿ ಎಂಬ ಮಾತು ಕೇಳಿ ಅತ್ತಿಗೆ ಹಾಗೇ ಕುಸಿದು ಕೂತರು. ನನ್ನಿಂದ ತಡೆಯಲಾಗಲಿಲ್ಲ.

"ಸಾರ್, ಅವನು ಒಂದು ದಿನವೂ ನಡೆದಿಲ್ಲ. ಬಸ್ಸಲ್ಲಿ ಹೋಗಿ ಇಡ್ಲಿ ತಿಂದು ಬರ್ತಿದ್ವಿ."

ಡಾಕ್ಟರ ಮುಖ ಕೆಂಪಾಯಿತು. "ನಿಮ್ಮ ಮಾತು ನಂಬಿ ಮಾತ್ರೆ ಜಾಸ್ತಿ ಮಾಡಿದೆ ಕಣ್ರೀ, ಅದಕ್ಕೇ ಬಿ.ಪಿ. ಹೀಗೆ ಬಿದ್ದಿದ್ದು! ಆ ಚೀಟಿ ಬರೆದೋನು ನಾನಲ್ಲ, ನೀವು!"

ಅತ್ತಿಗೆ ನಿಧಾನವಾಗಿ ಎದ್ದರು. "ಯಾರ್ ಕಲಿಸ್ಕೊಟ್ಟಿದ್ದು ಇದ್ನ?" ಎಂದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಂಚದ ಮೇಲಿಂದ, ಕಣ್ಣು ಕೂಡ ಬಿಡದೆ ಅಣ್ಣ, "ನಂದೇ ಕಣೆ. ಮಾದೇವ ಬ್ಯಾಡ ಬ್ಯಾಡ ಅಂತಿದ್ದ, ನಾನೇ ಬಯ್ದು ಕರ್ಕಂಡೋಯ್ತಿದ್ದೆ" ಎಂದುಬಿಟ್ಟ.

ಸಿಟ್ಟು ಬಂದದ್ದು ಆಗ. ನಾನು ಸ್ಕೂಲು ಬಿಟ್ಟಾಗಲೂ ಇವನು ಹೀಗೇ "ನಾನೇ ಬುಡು ಅಂದೆ" ಎಂದು ಅಪ್ಪನ ಏಟಿಗೆ ಬೆನ್ನು ಕೊಟ್ಟಿದ್ದ. ತಲೆ ಒಡೆದುಕೊಂಡು ಮಲಗಿದಾಗಲಾದರೂ ನನ್ನ ತಪ್ಪನ್ನು ನನಗೆ ಬಿಡಬಾರದೇ? "ಸುಳ್ಳು ಅತ್ತಿಗೆ! ಆನೆ ಸುಳ್ಳು, ಬೋರಿಂಗ್ ನೀರು, ಎಲ್ಲಾ ನಂದೇ" ಎಂದು ಕೂಗಿದೆ. ಅತ್ತಿಗೆ ಕಣ್ಣೊರೆಸಿಕೊಂಡು, "ನೀ ಸುಮ್ಕಿರು ಮಾದೇವ. ಅಣ್ಣನ್ನ ಬುಟ್ಕೊಡಕಿಲ್ಲ ನೀನು, ನಂಗೊತ್ತಿಲ್ವಾ?" ಎಂದರು. ನಿಜ ಹೇಳಿದರೂ ನಂಬದಷ್ಟು ಒಳ್ಳೆಯವನಾಗಿಬಿಟ್ಟಿದ್ದೆ.

ಡಾಕ್ಟರು ಮಾತ್ರೆ ಮೊದಲಿನಷ್ಟಕ್ಕೇ ಇಳಿಸಿದರು. ಈಗ ಅತ್ತಿಗೆಯೇ ದಿನಾ ಅಣ್ಣನನ್ನು ಏರಿ ಮೇಲೆ ನಡೆಸುತ್ತಾರೆ. ಆನೆ ಬಂದರೆ ಅದೂ ಪಕ್ಕಕ್ಕೆ ಸರಿಯಬೇಕು, ಹಾಗಿರುತ್ತದೆ ಅವರ ನಡಿಗೆ. ಅಣ್ಣನ ಬಿ.ಪಿ. ಇಳಿಯುತ್ತಿದೆ, ಹಣೆಯ ಮೇಲೆ ಗಾಯದ ಗೆರೆ ಉಳಿದಿದೆ. ಮೊನ್ನೆ ಊಟಕ್ಕೆ ಕರೆದಿದ್ದರು. ಅಣ್ಣನ ಎಲೆಗೆ ಸಪ್ಪೆ ಸಾರು. ನನ್ನ ಹತ್ತಿರ ಬಂದ ಅತ್ತಿಗೆ, "ಪಾಪ, ಅವರ ಕಾಟದಲ್ಲಿ ನೀನೆಷ್ಟು ಒದ್ದಾಡಿದ್ಯೋ" ಎನ್ನುತ್ತಾ ಬಿಸಿ ಮುದ್ದೆಗೆ ಗುಳಿ ಮಾಡಿ ತುಪ್ಪ ಸುರಿದರು. ಅಣ್ಣ ತಲೆ ತಗ್ಗಿಸಿಕೊಂಡು ನಗುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಎಲೆಗೆ ಮಾತ್ರ ಕೈ ಅಡ್ಡ ಹಿಡಿಯಲಿಲ್ಲ.