ಅಡುಂಬು ಬಳ್ಳಿಯ ಮಹಾಸಮರ

ಲವಣಜಲಧಿಯೇ, ಸಹಸ್ರತರಂಗಹಸ್ತನೇ, ಗಳಿಗೆ ಹೊತ್ತು ಗರ್ಜನೆ ನಿಲ್ಲಿಸಿ ಕೇಳು! ಕಡಲತೀರ ಉಳಿಯಬೇಕು, ಕಡಲಿಗಿಳಿಯುವ ದಾರಿಯೂ ಸರ್ವರಿಗೆ ತೆರೆದಿರಬೇಕು ಎಂಬ ಎರಡು ವ್ರತಗಳನ್ನು ಊರು ಒಟ್ಟಿಗೇ ತೊಟ್ಟ ಆ ಪುಣ್ಯಯುಗದಲ್ಲಿ, ತೀರಸಂರಕ್ಷಣಾ ಸಮಿತಿಯ ಅಧ್ಯಕ್ಷನೂ, ಸೈಕತದುರ್ಗಧುರಂಧರನೂ, ಸೀಟಿಯನ್ನೇ ಪಾಂಚಜನ್ಯವಾಗಿ ಕೊರಳಲ್ಲಿ ಧರಿಸಿದವನೂ ಆದ ಕುಪ್ಪಯ್ಯ ಮೊಗೇರನು ಮರಳದಿಬ್ಬದ ನೆತ್ತಿಯಲ್ಲಿ ಕಂಗೆಟ್ಟು ನಿಂತಿದ್ದನು.

ಮರಳು ಕೊಚ್ಚಿಹೋಗದಂತೆ ಅವನೇ ನೆಟ್ಟು, ನೀರೆರೆದು, ಆಡುಗಳಿಂದ ಕಾದ ಅಡುಂಬು ಬಳ್ಳಿಯ ನಡುವೆ ಅಂದೂ ಹೆಜ್ಜೆಗಳು ಮೂಡಿದ್ದವು. ಪಕ್ಕದಲ್ಲೇ ಇದ್ದ ಹೊಸ ಹಲಗೆದಾರಿಯನ್ನು ತೃಣೀಕರಿಸಿ ಬಳ್ಳಿ ತುಳಿಯುವ ವೈರಿ ಯಾರೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದುದೇ ಸಂಕಟ. ಅಷ್ಟರಲ್ಲಿ, ಮತ್ಸ್ಯಕರಂಡಕಿರೀಟಧಾರಿಣಿಯೂ, ಚೌಕಾಸಿಗಿಳಿದವರನ್ನು ಹುಬ್ಬೇರಿಸಿಯೇ ಸೋಲಿಸುವವಳೂ ಆದ ಮಾಸ್ತಮ್ಮ, ಅವನ ಸ್ವಂತ ಅಣ್ಣನ ಹೆಂಡತಿ, ದೋಣಿಯಿಂದ ಮೀನು ತರಲೆಂದು ಖಾಲಿ ಬುಟ್ಟಿ ಹೊತ್ತು ನೇರ ಬಳ್ಳಿಯತ್ತಲೇ ಬಂದಳು.

ಸೀಟಿ ಮೊಳಗಿತು.

"ನಿಲ್ಲಿ ಅತ್ತಿಗೆ! ಈ ದಿಬ್ಬವೇ ಊರಿನ ಕೋಟೆ, ಈ ಬಳ್ಳಿಯೇ ಕೋಟೆಯ ಕಾವಲು. ನಾನಿಲ್ಲಿ ನಿಂತಿರುವವರೆಗೆ ಇಂದ್ರನ ಐರಾವತವೇ ಬಂದರೂ ಹಲಗೆದಾರಿಯನ್ನೇ ಏರತಕ್ಕದ್ದು!"

"ಅದನ್ನ ಐರಾವತಕ್ಕೆ ಹೇಳು ಕುಪ್ಪ! ನಿನ್ನ ಮೂಗು ಒರೆಸಿ ದೊಡ್ಡ ಮಾಡಿದವಳು ನಾನು. ನನ್ನ ತಡೆಯೋ ಹಗ್ಗ ಇನ್ನೂ ಯಾರೂ ಹೊಸೆದಿಲ್ಲ!"

ಏಡಿಗಳು ಬಿಲ ಹೊಕ್ಕವು. ಬಲೆ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಕುಪ್ಪಯ್ಯನು ಬಾಹುದ್ವಯವನ್ನು ಚಾಚಿ ಅಡ್ಡ ನಿಂತನು. ಮಾಸ್ತಮ್ಮ ಬುಟ್ಟಿಯನ್ನು ಗುರಾಣಿಯಂತೆ ಎದೆಗೆ ಹಿಡಿದಳು. ಅವಳನ್ನು ಬಿಟ್ಟರೆ ನಾಳೆಯಿಂದ ಯಾರೂ ತನ್ನ ಮಾತು ಕೇಳರು, ಬಳ್ಳಿಯೂ ಉಳಿಯದು. ತಡೆದರೆ ಅಣ್ಣನ ಮನೆಯ ಊಟ ತಪ್ಪೀತು. ಧರ್ಮಸಂಕಟದಲ್ಲಿ ಬೆಂದ ವೀರನ ದನಿ ತಾನಾಗಿ ತಗ್ಗಿತು.

"ಹಲಗೆದಾರಿಗೆ ಎಂತ ಆಗಿದೆ ಅತ್ತಿಗೆ?"

ಅವಳು ಕಡಲಿನ ಕಡೆ ಮುಖ ತಿರುಗಿಸಿದಳು. "ಮೊದಲ ಮೆಟ್ಟಿಲು ಎತ್ತರ ಮಾರಾಯ. ಮಂಡಿ ಏಳುದಿಲ್ಲ. ಎಲ್ಲರೆದುರು ಬಾಯಿ ಬಿಡಿಸಬೇಡ."

ಸರ್ವರಿಗೂ ಎಂದು ತಾನೇ ನಿಂತು ಮಾಡಿಸಿದ ದಾರಿ! ಕುಪ್ಪಯ್ಯನ ಕಿವಿ ಬಿಸಿಯಾಯಿತು. ಆಗ ಆ ರಣಧೀರನು ಭುಜಬಲವನ್ನೆಲ್ಲ ಒಗ್ಗೂಡಿಸಿ, ಬೇಲಿಬದಿಯ ಚಿರೆಕಲ್ಲೊಂದನ್ನು ಹೊತ್ತು ತಂದು ಮೆಟ್ಟಿಲ ಬುಡದಲ್ಲಿಟ್ಟನು. ಮಾಸ್ತಮ್ಮ ಅವನ ಹೆಗಲು ಹಿಡಿದು ಕಾಲಿಟ್ಟಳು.

ಕಲ್ಲು ಅಲ್ಲಾಡಿತು.

"ಇದರ ಬುಡಕ್ಕೆ ಎಂತಾದ್ರೂ ಕೊಡೋ, ಬಿದ್ದೇನು!"

ಸೈಕತದುರ್ಗಧುರಂಧರನು ಕೈ, ಮಂಡಿ ಊರಿ ಬಗ್ಗಿ, ಕಲ್ಲಿನಡಿಗೆ ತೆಂಗಿನ ಗೆರಟೆಯ ಚೂರೊಂದನ್ನು ತುರುಕಿದನು.